ಕಿಟಕಿ ಮುಚ್ಚಿದ ರೈಲು: ಫಿನ್‌ಲ್ಯಾಂಡ್ ಮತ್ತು ಅದರ ದೊಡ್ಡ ನೆರೆದೇಶ

ಮೊದಲು ಒಂದು ರೈಲಿನ ಕತೆ ಹೇಳುತ್ತೇನೆ. ಫಿನ್‌ಲ್ಯಾಂಡಿನ ರಾಜಧಾನಿ ಹೆಲ್ಸಿಂಕಿ. ಅಲ್ಲಿಂದ ಪಶ್ಚಿಮಕ್ಕೆ, ಕಡಲ ತೀರದ ಗುಂಟ, ತುರ್ಕು ಎಂಬ ಹಳೆಯ ಊರಿಗೆ ಒಂದು ರೈಲು ಹಾದಿ ಇದೆ. 1940ರ ದಶಕದ ಕೊನೆಯಲ್ಲಿ ನೀವು ಆ ಗಾಡಿ ಹತ್ತಿದ್ದೀರಿ ಅಂದುಕೊಳ್ಳಿ. ಹೆಲ್ಸಿಂಕಿ ಬಿಟ್ಟು ಸ್ವಲ್ಪ ಹೊತ್ತಿಗೇ ಗಾಡಿ ನಿಲ್ಲುತ್ತದೆ. ಕಿಟಕಿಗಳನ್ನೆಲ್ಲ ಹೊರಗಿನಿಂದ ಮುಚ್ಚುತ್ತಾರೆ. ಫಿನ್ನಿಷ್ ಎಂಜಿನ್ ಹೋಗಿ ಸೋವಿಯತ್ ಎಂಜಿನ್ ಬರುತ್ತದೆ. ಬೋಗಿಯ ಮೆಟ್ಟಿಲ ಮೇಲೆ ಬಂದೂಕು ಹಿಡಿದ ಸೋವಿಯತ್ ಸೈನಿಕರು ನಿಲ್ಲುತ್ತಾರೆ. ಆಮೇಲೆ ಗಾಡಿ ಹೊರಡುತ್ತದೆ. ಹೊರಗೆ ಹಗಲು, ಒಳಗೆ ಕತ್ತಲು. ನೀವು ಸಾಗುತ್ತಿರುವುದು ನಿಮ್ಮದೇ ದೇಶದ ನೆಲದ ಮೇಲೆ. ಆದರೆ ಅದನ್ನು ನೋಡುವಂತಿಲ್ಲ.

ಆ ಜಾಗದ ಹೆಸರು ಪೊರ್ಕಲಾ. 1944ರಲ್ಲಿ ಯುದ್ಧ ಸೋತಾಗ ಫಿನ್‌ಲ್ಯಾಂಡ್ ಅದನ್ನು 50 ವರ್ಷಕ್ಕೆ ಸೋವಿಯತ್ ಒಕ್ಕೂಟಕ್ಕೆ ನೌಕಾನೆಲೆಯಾಗಿ ಗುತ್ತಿಗೆ ಕೊಡಬೇಕಾಯಿತು. ಅಲ್ಲಿದ್ದ ಸಾವಿರಾರು ಜನಕ್ಕೆ ಮನೆ ಖಾಲಿ ಮಾಡಲು ಸಿಕ್ಕಿದ್ದು ಹತ್ತೇ ದಿನ. ಹೆಲ್ಸಿಂಕಿಯಿಂದ ಅದೆಷ್ಟು ಹತ್ತಿರ ಅಂದರೆ, ಅಲ್ಲಿಟ್ಟ ಫಿರಂಗಿಯ ಗುಂಡು ರಾಜಧಾನಿಗೆ ತಲುಪುತ್ತಿತ್ತು. ಜನ ಆ ರೈಲು ಹಾದಿಗೆ ಒಂದು ಹೆಸರಿಟ್ಟರು: ಜಗತ್ತಿನ ಅತಿ ಉದ್ದದ ಸುರಂಗ.

ಈ ರೈಲನ್ನು ಯಾಕೆ ಮೊದಲು ಹೇಳಿದೆ ಅಂದರೆ, ಫಿನ್‌ಲ್ಯಾಂಡಿನ ರಾಜತಾಂತ್ರಿಕತೆ ಅಂತ ನಾವು ಪುಸ್ತಕದಲ್ಲಿ ಓದುವುದೆಲ್ಲ ಆ ಬೋಗಿಯೊಳಗೇ ಇದೆ. ಒಪ್ಪಂದ ಇದೆ, ಅವಮಾನ ಇದೆ, ಆದರೂ ಗಾಡಿ ನಿಂತಿಲ್ಲ. ಟಿಕೆಟ್ ಫಿನ್ನಿಷ್, ಒಳಗೆ ಕೂತವರು ಫಿನ್ನಿಷರು, ಅವರು ಹೋಗುತ್ತಿರುವುದು ತಮ್ಮದೇ ಪಾರ್ಲಿಮೆಂಟಿನ ಕಾನೂನು ನಡೆಯುವ ಊರಿಗೆ. ಈ ಕೊನೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಇವತ್ತು ಹೇಳಬೇಕೆಂದಿರುವುದು ಅದನ್ನೇ. ದೊಡ್ಡ ನೆರೆಯವನ ಮುಂದೆ ಈ ಸಣ್ಣ ದೇಶ ಏನೇನೋ ಬಿಟ್ಟುಕೊಟ್ಟಿತು. ನೆಲ ಕೊಟ್ಟಿತು, ಹಡಗು ಕೊಟ್ಟಿತು, ಮಾತನ್ನೂ ನುಂಗಿಕೊಂಡಿತು. ಗಟ್ಟಿಯಾಗಿ ಹಿಡಿದುಕೊಂಡದ್ದು ಒಂದನ್ನು: ನಮ್ಮ ಕಾನೂನು ನಾವೇ ಮಾಡಿಕೊಳ್ಳುತ್ತೇವೆ ಅನ್ನುವುದು. ಅದನ್ನೂ ಬಗ್ಗಿಸಿದ ಸಂದರ್ಭಗಳಿವೆ. ಅವು ಇವತ್ತಿಗೂ ಆ ದೇಶಕ್ಕೆ ನೋಯುತ್ತವೆ.

ಅಳತೆಯ ಅಂದಾಜು ಇರಲಿ. ಫಿನ್‌ಲ್ಯಾಂಡ್ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಒಂದೂಮುಕ್ಕಾಲು ಪಟ್ಟು ಇದೆ. ಜನ ಮಾತ್ರ ಸುಮಾರು 56 ಲಕ್ಷ, ಬೆಂಗಳೂರಿನ ಅರ್ಧದಷ್ಟೂ ಇಲ್ಲ. ರಷ್ಯಾದ ಜೊತೆ ಗಡಿಯ ಉದ್ದ 1,340 ಕಿಲೋಮೀಟರ್. ಇಷ್ಟು ಜನ ಅಷ್ಟು ಉದ್ದದ ಬೇಲಿ ಕಾಯಬೇಕು.

ಇನ್ನು ಸ್ವಲ್ಪ ಹಿಂದಕ್ಕೆ ಹೋಗೋಣ. ಫಿನ್‌ಲ್ಯಾಂಡ್ ನೂರಾರು ವರ್ಷ ಸ್ವೀಡನ್ನಿನ ಭಾಗವಾಗಿತ್ತು. 1809ರಲ್ಲಿ ರಷ್ಯಾ ಅದನ್ನು ಗೆದ್ದುಕೊಂಡಿತು. ಗೆದ್ದ ಚಕ್ರವರ್ತಿ ಮೊದಲನೇ ಅಲೆಕ್ಸಾಂಡರ್ ಪೊರ್ವೋ ಎಂಬ ಸಣ್ಣ ಊರಿಗೆ ಬಂದು, ಅಲ್ಲಿನ ಪ್ರತಿನಿಧಿಗಳ ಸಭೆ ಕರೆದು, ನಿಮ್ಮ ಧರ್ಮ, ನಿಮ್ಮ ಕಾನೂನು ಹಾಗೇ ಇರಲಿ ಅಂತ ಮಾತು ಕೊಟ್ಟ. ಆ ಒಂದು ಮಾತನ್ನು ಫಿನ್ನಿಷರು ಮುಂದಿನ 100 ವರ್ಷ ಗಂಟುಹಾಕಿಕೊಂಡು ಇಟ್ಟುಕೊಂಡರು. ಚಕ್ರವರ್ತಿ ಬದಲಾದಾಗಲೆಲ್ಲ ಅದನ್ನೇ ತೆಗೆದು ತೋರಿಸಿದರು.

ಹೆಲ್ಸಿಂಕಿಗೆ ಯಾವಾಗಲಾದರೂ ಹೋದರೆ ಸೆನೆಟ್ ಚೌಕ ನೋಡಿ. ಬಿಳಿ ಬಣ್ಣದ ದೊಡ್ಡ ಚರ್ಚು, ಅದರ ಮುಂದೆ ಒಬ್ಬ ರಷ್ಯನ್ ಚಕ್ರವರ್ತಿಯ ಪ್ರತಿಮೆ. ಎರಡನೇ ಅಲೆಕ್ಸಾಂಡರ್. ನಿಲ್ಲಿಸಿದ್ದು 1894ರಲ್ಲಿ. ಸ್ವತಂತ್ರ ದೇಶದ ರಾಜಧಾನಿಯ ನಟ್ಟನಡುವೆ ಆಳಿದವನ ಪ್ರತಿಮೆ ಯಾಕಿದೆ ಅಂತ ಹೊಸಬರಿಗೆ ಆಶ್ಚರ್ಯವಾಗುತ್ತದೆ. ಅವನ ಕಾಲ ಬುಡದಲ್ಲಿ ನೋಡಬೇಕು. ಕರಡಿ ಚರ್ಮ ಹೊದ್ದ ಒಬ್ಬ ಹೆಣ್ಣುಮಗಳು ಗುರಾಣಿ ಹಿಡಿದು ನಿಂತಿದ್ದಾಳೆ. ಆಕೆ ಕಾನೂನು. ಲ್ಯಾಟಿನ್ನಿನಲ್ಲಿ ಲೆಕ್ಸ್. ಈ ಚಕ್ರವರ್ತಿ 1863ರಲ್ಲಿ, ಐವತ್ತಕ್ಕೂ ಹೆಚ್ಚು ವರ್ಷ ಸೇರದೇ ಇದ್ದ ಸಭೆಯನ್ನು ಮತ್ತೆ ಕರೆಸಿದ್ದ. ಫಿನ್ನಿಷ್ ಭಾಷೆಗೆ ಸರ್ಕಾರಿ ಕೆಲಸದಲ್ಲಿ ಜಾಗ ಸಿಗುವಂತೆ ಮಾಡಿದ್ದೂ ಅವನೇ.

1899ರಲ್ಲಿ ಅವನ ಮೊಮ್ಮಗ ಎರಡನೇ ನಿಕೊಲಸ್ ಹಳೆಯ ಮಾತು ಮುರಿದ. ರಷ್ಯಾದ ಕಾನೂನು ಇಲ್ಲೂ ನಡೆಯಬೇಕು ಅಂತ ಫೆಬ್ರವರಿಯಲ್ಲಿ ಆಜ್ಞೆ ಹೊರಡಿಸಿದ. ಆಗ ಹೆಲ್ಸಿಂಕಿಯ ಜನ ಏನು ಮಾಡಿದರು ಗೊತ್ತಾ? ಕಲ್ಲು ತೂರಲಿಲ್ಲ. ತಾತನ ಪ್ರತಿಮೆಯ ಬುಡಕ್ಕೆ, ಆ ಕಾನೂನಿನ ಹೆಣ್ಣಿನ ಪಾದಕ್ಕೆ, ಹೂವು ತಂದು ರಾಶಿ ಹಾಕಿದರು. ಎರಡೇ ವಾರದೊಳಗೆ, ಹಿಮದಲ್ಲಿ ಸ್ಕೀ ಕಟ್ಟಿಕೊಂಡು ಊರೂರು ಸುತ್ತಿ, 5 ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಸುಮಾರು 500 ಜನ ಅದನ್ನು ಹೊತ್ತು ಸೇಂಟ್ ಪೀಟರ್ಸ್‌ಬರ್ಗಿಗೆ ಹೋದರು. ಚಕ್ರವರ್ತಿ ಅವರನ್ನು ಭೇಟಿಯಾಗಲೇ ಇಲ್ಲ. ಬಂದ ದಾರಿಗೆ ಸುಂಕವಿಲ್ಲ ಅನ್ನುವ ಹಾಗೆ ವಾಪಸ್ಸಾದರು. ಆದರೂ ಆ ಹೂವಿನ ವಿಷಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನೆರೆಯವನ ಜೊತೆ ಜಗಳಕ್ಕೆ ಅವನದೇ ಮಾತನ್ನು ಆಧಾರ ಮಾಡಿಕೊಳ್ಳುವುದು ಸಣ್ಣ ದೇಶಕ್ಕೆ ಮಾತ್ರ ಹೊಳೆಯುವ ಉಪಾಯ.

1917ರಲ್ಲಿ ರಷ್ಯಾದಲ್ಲಿ ಕ್ರಾಂತಿಯಾಯಿತು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಹಾಗೆ ಡಿಸೆಂಬರ್ 6ಕ್ಕೆ ಫಿನ್‌ಲ್ಯಾಂಡಿನ ಪಾರ್ಲಿಮೆಂಟು ಸ್ವಾತಂತ್ರ್ಯ ಘೋಷಿಸಿತು. ಆದರೆ ಸ್ವೀಡನ್ನು ಸೇರಿದಂತೆ ಎಲ್ಲರೂ ಹೇಳಿದ್ದು ಒಂದೇ: ಮೊದಲು ರಷ್ಯಾದ ಒಪ್ಪಿಗೆ ತನ್ನಿ. ಸರ್ಕಾರದ ಮುಖ್ಯಸ್ಥ ಸ್ವಿನ್‌ಹುವುದ್ ಎಂಬ ವಕೀಲ. ರಷ್ಯಾದಲ್ಲಿ ಅಧಿಕಾರ ಹಿಡಿದಿದ್ದ ಬೊಲ್ಶೆವಿಕರನ್ನು, ಅಂದರೆ ಲೆನಿನ್ ಕಡೆಯ ಕಮ್ಯುನಿಸ್ಟರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆದರೂ ಪೆಟ್ರೊಗ್ರಾಡಿಗೆ, ಅಂದರೆ ಅದೇ ಸೇಂಟ್ ಪೀಟರ್ಸ್‌ಬರ್ಗಿಗೆ, ಹೋದರು. ಡಿಸೆಂಬರ್ 31ರ ರಾತ್ರಿ ಲೆನಿನ್ ಕಚೇರಿಯ ಪಡಸಾಲೆಯಲ್ಲಿ ಕಾದು ನಿಂತು, ಕಾಗದ ಕೈಗೆ ಬಂದ ಮೇಲೇ ವಾಪಸ್ಸಾದದ್ದು. ಆಮೇಲೆ 1918ರಲ್ಲಿ ದೇಶದೊಳಗೇ ಕೆಂಪು, ಬಿಳಿ ಅಂತ ಅಂತರ್ಯುದ್ಧ ನಡೆಯಿತು. ಅದು ದೊಡ್ಡ ದುಃಖದ ಕತೆ, ಇವತ್ತು ಅದಕ್ಕೆ ಹೋಗುವುದಿಲ್ಲ. 1920ರಲ್ಲಿ ತಾರ್ತು ಎಂಬಲ್ಲಿ ಶಾಂತಿ ಒಪ್ಪಂದವಾಗಿ ಗಡಿ ಗೊತ್ತಾಯಿತು.

ಆ ಗಡಿ ಲೆನಿನ್‌ಗ್ರಾಡಿನಿಂದ, ಅಂದರೆ ಮುಂದೆ ಆ ಹೆಸರು ಪಡೆದ ಪೆಟ್ರೊಗ್ರಾಡಿನಿಂದ, ಬರೀ 32 ಕಿಲೋಮೀಟರ್ ದೂರದಲ್ಲಿತ್ತು. ಮುಂದಿನ ಅನಾಹುತಕ್ಕೆಲ್ಲ ಬೀಜ ಇಲ್ಲಿದೆ.

1939ರ ಅಕ್ಟೋಬರ್. ಹಿಟ್ಲರ್ ಮತ್ತು ಸ್ಟಾಲಿನ್ ಆಗಲೇ ಗುಟ್ಟಾಗಿ ಪೂರ್ವ ಯುರೋಪನ್ನು ಹಂಚಿಕೊಂಡಿದ್ದರು. ಫಿನ್‌ಲ್ಯಾಂಡ್ ಸ್ಟಾಲಿನ್ ಪಾಲಿಗೆ ಬಂದಿತ್ತು. ಫಿನ್ನಿಷರಿಗೆ ಅದು ಗೊತ್ತಿರಲಿಲ್ಲ. ಮಾತುಕತೆಗೆ ಬನ್ನಿ ಅಂತ ಮಾಸ್ಕೋದಿಂದ ಕರೆ ಬಂತು. ಹೊರಟವರು ಯುಹೊ ಕುಸ್ತಿ ಪಾಸಿಕಿವಿ. ವಯಸ್ಸು 68. ಬ್ಯಾಂಕರ್, ಸಂಪ್ರದಾಯವಾದಿ, ಕಮ್ಯುನಿಸಂ ಬಗ್ಗೆ ಎಳ್ಳಷ್ಟೂ ಒಲವಿಲ್ಲದವರು. ಆದರೆ ಯೌವನದಲ್ಲಿ ನೊವ್‌ಗೊರೊಡ್‌ಗೆ ಹೋಗಿ ರಷ್ಯನ್ ಭಾಷೆ, ಸಾಹಿತ್ಯ ಓದಿದ್ದರು. ಅವರು ಹೊರಟ ರಾತ್ರಿ ಹೆಲ್ಸಿಂಕಿ ರೈಲು ನಿಲ್ದಾಣದಲ್ಲಿ ಜನ ಕಿಕ್ಕಿರಿದಿದ್ದರು. ಕೂಗಾಟ ಇಲ್ಲ, ಘೋಷಣೆ ಇಲ್ಲ. ಚರ್ಚಿನ ಹಾಡು ಹಾಡಿ ಕಳಿಸಿಕೊಟ್ಟರು.

ಕ್ರೆಮ್ಲಿನ್ನಿನಲ್ಲಿ ಸ್ಟಾಲಿನ್ ತಾನೇ ಬಂದು ಕೂತ. ಇಷ್ಟು ಸಣ್ಣ ದೇಶದ ಮಾತುಕತೆಗೆ ಅವನು ಮತ್ತೆ ಮತ್ತೆ ಬಂದು ಕೂತದ್ದೇ ವಿಶೇಷ. ಅವನ ವಾದ ಹೀಗಿತ್ತು: ಲೆನಿನ್‌ಗ್ರಾಡನ್ನು ಎತ್ತಿ ಬೇರೆ ಕಡೆ ಇಡೋಕಾಗಲ್ಲ, ಹಾಗಾಗಿ ಗಡಿಯನ್ನೇ ಸರಿಸೋಣ. ಲೆನಿನ್‌ಗ್ರಾಡಿನ ಪಕ್ಕದ ಕರೇಲಿಯ ಸೀಮೆಯ ಕಡೆ ಗಡಿ ಹಿಂದಕ್ಕೆ ಹೋಗಬೇಕು, ಫಿನ್‌ಲ್ಯಾಂಡ್ ಕೊಲ್ಲಿಯ ಕೆಲವು ದ್ವೀಪ ಬೇಕು, ಹಾಂಕೊ ಬಂದರು ಗುತ್ತಿಗೆಗೆ ಬೇಕು. ಬದಲಿಗೆ ಉತ್ತರದಲ್ಲಿ ಎರಡರಷ್ಟು ನೆಲ ಕೊಡುತ್ತೇನೆ. ಕಾಡು, ಜೌಗು, ಜನವಿಲ್ಲದ ನೆಲ.

ಪಾಸಿಕಿವಿ, ಒಂದಿಷ್ಟು ಬಿಟ್ಟುಕೊಡೋಣ ಅಂದರು. ಸೇನೆಯ ಹಿರಿಯ ಮನ್ನರ್‌ಹೈಮ್ ಕೂಡ ಅದನ್ನೇ ಹೇಳಿದರು, ಯಾಕೆಂದರೆ ಉಗ್ರಾಣದಲ್ಲಿ ಮದ್ದುಗುಂಡು ಎಷ್ಟಿದೆ ಅಂತ ಅವರಿಗೆ ಗೊತ್ತಿತ್ತು. ಸರ್ಕಾರ ಒಪ್ಪಲಿಲ್ಲ. ಸ್ಟಾಲಿನ್ ಸುಮ್ನೆ ಬೆದರಿಸುತ್ತಿದ್ದಾನೆ, ಯುದ್ಧಕ್ಕೆ ಬರಲ್ಲ ಅಂತ ವಿದೇಶಾಂಗ ಸಚಿವ ಎರ್ಕ್ಕೊ ನಂಬಿದ್ದರು.

ಯಾರು ಸರಿ? ನಾನು ಇದನ್ನು ಹಲವು ಸಲ ಯೋಚಿಸಿದ್ದೇನೆ. ಕೊಟ್ಟಿದ್ದರೆ ಯುದ್ಧ ತಪ್ಪುತ್ತಿತ್ತು ಅನ್ನುವವರು ಇದ್ದಾರೆ. ಪಕ್ಕದ ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ ಅದೇ ಶರತ್ಕಾಲದಲ್ಲಿ ಸೇನಾನೆಲೆ ಕೊಟ್ಟವು. ಮುಂದಿನ ಬೇಸಿಗೆಯಲ್ಲಿ ಆ ಮೂರೂ ದೇಶ ಸೋವಿಯತ್ ಒಕ್ಕೂಟದ ಹೊಟ್ಟೆಗೆ ಹೋದವು. ಇದನ್ನು ನೋಡಿದ ಮೇಲೆ ನನಗೆ ಎರ್ಕ್ಕೊ ಮೇಲೆ ಸಿಟ್ಟು ಬರುವುದಿಲ್ಲ. ಆದರೆ ಯುದ್ಧ ಬರಲ್ಲ ಅಂತ ನಂಬಿ ಹಟ ಹಿಡಿಯುವುದು ಬೇರೆ, ಯುದ್ಧ ಬರುತ್ತೆ ಅಂತ ತಿಳಿದುಕೊಂಡೇ ಕೊಡಲ್ಲ ಅನ್ನುವುದು ಬೇರೆ. ಎರಡನೆಯದಕ್ಕೆ ತಯಾರಿ ಇರುತ್ತದೆ.

ನವೆಂಬರ್ 26ಕ್ಕೆ ಗಡಿಯ ಮೈನಿಲ ಎಂಬ ಹಳ್ಳಿಯಲ್ಲಿ ಗುಂಡು ಬಿದ್ದವು, ಫಿನ್ನಿಷರು ಹೊಡೆದರು ಅಂತ ಮಾಸ್ಕೋ ಹೇಳಿತು. ಹೊಡೆದದ್ದು ಸೋವಿಯತ್ ಕಡೆಯವರೇ. ನವೆಂಬರ್ 30ಕ್ಕೆ ಹೆಲ್ಸಿಂಕಿ ಮೇಲೆ ಬಾಂಬು. ಮರುದಿನವೇ ಗಡಿ ಪಕ್ಕದ ಊರಿನಲ್ಲಿ ಕೂಸಿನೆನ್ ಎಂಬ ಫಿನ್ನಿಷ್ ಕಮ್ಯುನಿಸ್ಟನ ಕೈಗೆ ಕೊಟ್ಟು ಒಂದು ಸರ್ಕಾರವನ್ನೂ ಮಾಡಿಟ್ಟರು. ಯುದ್ಧ 105 ದಿನ ನಡೆಯಿತು. ಆ ಯುದ್ಧದ ಸಾಹಸದ ಬಗ್ಗೆ ನೀವು ಬೇಕಾದಷ್ಟು ಕೇಳಿರುತ್ತೀರಿ. ರಾಜತಾಂತ್ರಿಕತೆಯ ದೃಷ್ಟಿಯಿಂದ ಮುಖ್ಯವಾದದ್ದು ಒಂದೇ: ಆ ಪ್ರತಿರೋಧದ ಬಿಸಿಯಿಂದಾಗಿ ಸ್ಟಾಲಿನ್ ಕೂಸಿನೆನ್ ಸರ್ಕಾರವನ್ನು ಸದ್ದಿಲ್ಲದೆ ಬದಿಗಿಟ್ಟು, ಹೆಲ್ಸಿಂಕಿಯ ನಿಜವಾದ ಸರ್ಕಾರದ ಜೊತೆ ಮಾತಾಡಿದ. 1940ರ ಮಾರ್ಚ್ 13ಕ್ಕೆ ಶಾಂತಿ. ಹೋದ ನೆಲ ಸ್ಟಾಲಿನ್ ಮೊದಲು ಕೇಳಿದ್ದಕ್ಕಿಂತ ತುಂಬಾ ಜಾಸ್ತಿ. ವೀಪುರಿ ಎಂಬ ದೊಡ್ಡ ಪಟ್ಟಣವೂ ಹೋಯಿತು. 4 ಲಕ್ಷಕ್ಕೂ ಹೆಚ್ಚು ಕರೇಲಿಯದ ಜನ, ಅಂದರೆ ದೇಶದಲ್ಲಿ ಎಂಟು ಒಂಬತ್ತು ಮಂದಿಗೆ ಒಬ್ಬರು, ದನಕರು ಹೊಡೆದುಕೊಂಡು ಪಶ್ಚಿಮಕ್ಕೆ ಬಂದರು. ಅವರಿಗೆಲ್ಲ ಉಳಿದವರು ತಮ್ಮ ಹೊಲ ಭಾಗ ಮಾಡಿ ಕೊಟ್ಟರು.

ಅದಾದ ಮೇಲೆ ಕಳೆದದ್ದನ್ನು ಪಡೆಯಲು 1941ರಲ್ಲಿ ಜರ್ಮನಿಯ ಜೊತೆಗೂಡಿ ಮತ್ತೆ ಯುದ್ಧಕ್ಕೆ ಹೋದರು. ಇದನ್ನು ಮುಚ್ಚಿಡಬಾರದು. ಹಳೆಯ ಗಡಿ ದಾಟಿ ಸೋವಿಯತ್ ನೆಲದೊಳಗೂ ಹೋಗಿ ಕೂತರು, ಅಲ್ಲಿನ ರಷ್ಯನ್ ಜನರನ್ನು ಶಿಬಿರಗಳಿಗೆ ಹಾಕಿದರು, ಅಲ್ಲಿ ಸಾವಿರಾರು ಜನ ಸತ್ತರು. 1944ರಲ್ಲಿ ಸೋತರು. ಆದರೆ ಸೇನೆ ಒಡೆದುಹೋಗಿರಲಿಲ್ಲ, ಮತ್ತು ಸ್ಟಾಲಿನ್‌ಗೆ ಬರ್ಲಿನ್ ತಲುಪುವ ಅವಸರವಿತ್ತು. ಆ ಎರಡರ ಮಧ್ಯದ ಸಂದಿಯಲ್ಲಿ ಫಿನ್‌ಲ್ಯಾಂಡ್ ಉಳಿಯಿತು. ಯುರೋಪಿನಲ್ಲಿ ಯುದ್ಧ ಮಾಡಿದ ದೇಶಗಳ ರಾಜಧಾನಿಗಳ ಪೈಕಿ ಶತ್ರುಸೇನೆ ಕಾಲಿಡದೆ ಉಳಿದದ್ದು ಮೂರೇ: ಲಂಡನ್, ಮಾಸ್ಕೋ, ಹೆಲ್ಸಿಂಕಿ.

ಬೆಲೆ ಕೊಡಬೇಕಾಯಿತು. ಪೊರ್ಕಲಾ ಹೋದದ್ದು ಆಗಲೇ. ಜೊತೆಗೆ 30 ಕೋಟಿ ಡಾಲರ್ ಪರಿಹಾರ, 1938ರ ಬೆಲೆಯ ಲೆಕ್ಕದಲ್ಲಿ, ಹಣವಾಗಿ ಅಲ್ಲ, ಸಾಮಾನಾಗಿ. ಹಡಗು, ಯಂತ್ರ, ಕೇಬಲ್, ಮರ, ಕಾಗದ. ಫಿನ್‌ಲ್ಯಾಂಡ್ ಆಗ ಮರ ಕಡಿದು ಮಾರುವ ದೇಶ. ಹಡಗು ಕಟ್ಟಬೇಕು, ಯಂತ್ರ ಮಾಡಬೇಕು ಅಂದರೆ ಕಾರ್ಖಾನೆಯನ್ನೇ ಮೊದಲು ಕಟ್ಟಬೇಕು. ಕಟ್ಟಿದರು. 1952ರ ಸೆಪ್ಟೆಂಬರಿನಲ್ಲಿ ಕೊನೆಯ ಸರಕು ಗಡಿ ದಾಟಿತು. ಸಾಲ ಪೂರ್ತಿ ತೀರಿತು.

ಇಲ್ಲಿ ಎರಡು ಮಾತು ಪಕ್ಕಕ್ಕೆ ಹೋಗಿ ಹೇಳಬೇಕು. ಒಂದು, ಅದೇ 1952ರ ಬೇಸಿಗೆಯಲ್ಲಿ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಯಿತು. ನಮ್ಮ ದೇಶ ಹಾಕಿಯಲ್ಲಿ ಚಿನ್ನ ಗೆದ್ದದ್ದು, ಕೆ.ಡಿ. ಜಾಧವ್ ಕುಸ್ತಿಯಲ್ಲಿ ಕಂಚು ತಂದದ್ದು ಅಲ್ಲೇ. ಸೋವಿಯತ್ ಒಕ್ಕೂಟ ಒಲಿಂಪಿಕ್ಸಿಗೆ ಮೊದಲ ಸಲ ಬಂದದ್ದೂ ಆ ವರ್ಷವೇ. ಒಂದು ಕಡೆ ಪರಿಹಾರದ ಸರಕು ಪೂರ್ವಕ್ಕೆ ಹೋಗುತ್ತಿದೆ, ಇನ್ನೊಂದು ಕಡೆ ಅದನ್ನು ಪಡೆಯುವ ದೇಶದ ಆಟಗಾರರನ್ನು ಇವರು ಅತಿಥಿಗಳಾಗಿ ಕರೆದು ಉಪಚರಿಸುತ್ತಿದ್ದಾರೆ. ಎರಡನೆಯದು, ನಮ್ಮ ನಿಮ್ಮೆಲ್ಲರ ಕೈಯಲ್ಲಿ ಒಂದು ಕಾಲಕ್ಕೆ ನೋಕಿಯಾ ಫೋನ್ ಇತ್ತಲ್ಲ, ಆ ಕಂಪನಿಯ ಒಂದು ಬೇರು ಇಲ್ಲಿದೆ. ಯುದ್ಧ ಪರಿಹಾರವಾಗಿ ಸೋವಿಯತ್ ಒಕ್ಕೂಟಕ್ಕೆ ಕೇಬಲ್ ಮಾಡಿ ಕಳಿಸಿದ ಫಿನ್ನಿಷ್ ಕೇಬಲ್ ಕಾರ್ಖಾನೆ, 1967ರಲ್ಲಿ ನೋಕಿಯಾದ ಕಾಗದದ ಕಂಪನಿ ಮತ್ತು ಒಂದು ರಬ್ಬರ್ ಕಂಪನಿಯ ಜೊತೆ ಸೇರಿತು. ಆಮೇಲಿನದ್ದು ನಿಮಗೆ ಗೊತ್ತು.

ಇನ್ನೊಂದು ಬೆಲೆ ಇತ್ತು. ಅದು ಕಹಿ. ಯುದ್ಧಕ್ಕೆ ಹೊಣೆಯಾದವರನ್ನು ಶಿಕ್ಷಿಸಿ ಅಂತ ಸೋವಿಯತ್ ಕಡೆಯಿಂದ ಒತ್ತಡ ಬಂತು. ಅಂಥ ಅಪರಾಧ ಫಿನ್‌ಲ್ಯಾಂಡಿನ ಕಾನೂನಿನಲ್ಲಿ ಇರಲೇ ಇಲ್ಲ. ಆಗಿಹೋದ ಕೆಲಸಕ್ಕೆ ಅನ್ವಯಿಸುವ ಹಾಗೆ ಪಾರ್ಲಿಮೆಂಟು 1945ರಲ್ಲಿ ಹೊಸ ಕಾನೂನು ಮಾಡಿತು. ಅದರ ಮೇಲೆ ಮಾಜಿ ಅಧ್ಯಕ್ಷ ರಿಸ್ತೊ ರ್ಯುತಿಗೆ 10 ವರ್ಷ ಜೈಲು ಆಯಿತು. 1899ರಲ್ಲಿ ಕಾನೂನಿನ ಪಾದಕ್ಕೆ ಹೂವು ಹಾಕಿದ ಜನ, ತಮ್ಮ ಕಾನೂನನ್ನು ತಾವೇ ಬಗ್ಗಿಸಿದ ಸಂದರ್ಭ ಇದು. ಬಗ್ಗಿಸದಿದ್ದರೆ ಆ ವಿಚಾರಣೆಯನ್ನು ಬೇರೆಯವರು ಬಂದು ಮಾಡುತ್ತಿದ್ದರು. ರ್ಯುತಿ 1949ರಲ್ಲಿ ಕ್ಷಮೆ ಪಡೆದು ಹೊರಬಂದರು, ಆರೋಗ್ಯ ಕೆಟ್ಟಿತ್ತು. 1956ರಲ್ಲಿ ತೀರಿಕೊಂಡಾಗ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿದರು.

ಪಾಸಿಕಿವಿ 1946ರಲ್ಲಿ ಅಧ್ಯಕ್ಷರಾದರು. ವಾಸ್ತವ ಒಪ್ಪಿಕೊಳ್ಳುವುದೇ ವಿವೇಕದ ಶುರು ಅನ್ನುವುದು ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು. 1948ರ ಫೆಬ್ರವರಿ ಕೊನೆಗೆ ಸ್ಟಾಲಿನ್‌ನಿಂದ ಒಂದು ಪತ್ರ ಬಂತು: ಹಂಗೇರಿ, ರುಮೇನಿಯಾ ಜೊತೆ ಮಾಡಿಕೊಂಡಂಥ ಒಪ್ಪಂದವನ್ನು ನಿಮ್ಮ ಜೊತೆಯೂ ಮಾಡಿಕೊಳ್ಳೋಣ. ಅದೇ ವಾರ ಜೆಕೊಸ್ಲೊವಾಕಿಯದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಿದ್ದರು. ಹೆಲ್ಸಿಂಕಿಯ ಗೃಹಸಚಿವನೂ ಕಮ್ಯುನಿಸ್ಟನೇ. ಪರಿಸ್ಥಿತಿ ಹೇಗಿದ್ದಿರಬಹುದು ನೀವೇ ಊಹಿಸಿ.

ಪಾಸಿಕಿವಿ ಅವಸರ ಮಾಡಲಿಲ್ಲ. ಪಾರ್ಲಿಮೆಂಟಿನ ಎಲ್ಲ ಪಕ್ಷಗಳ ಅಭಿಪ್ರಾಯ ಲಿಖಿತವಾಗಿ ಕೊಡಿ ಅಂದರು. ಒಬ್ಬ ಮನುಷ್ಯನ ಮೇಲೆ ಒತ್ತಡ ಹಾಕಬಹುದು, ಇನ್ನೂರು ಜನರ ಸಭೆಯ ಮೇಲೆ ಅಷ್ಟು ಸುಲಭವಲ್ಲ. ಆಮೇಲೆ ಮಾತುಕತೆಗೆ ತಮ್ಮದೇ ಕರಡು ತಯಾರು ಮಾಡಿಸಿದರು. ಸೋವಿಯತ್ ವಿದೇಶಾಂಗ ಸಚಿವ ಮೊಲೊತೊವ್ ಅದನ್ನೇ ಆಧಾರವಾಗಿ ಒಪ್ಪಿಕೊಂಡ. ಏಪ್ರಿಲ್ 6ಕ್ಕೆ ಸಹಿಯಾಯಿತು. ಅದರ ಸಾರ ಇಷ್ಟು: ಜರ್ಮನಿ ಅಥವಾ ಅದರ ಜೊತೆಗಾರರು ಫಿನ್‌ಲ್ಯಾಂಡ್ ಮೇಲೆ, ಇಲ್ಲವೇ ಫಿನ್‌ಲ್ಯಾಂಡ್ ಮೂಲಕ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದರೆ, ಫಿನ್‌ಲ್ಯಾಂಡ್ ತನ್ನ ಗಡಿಯೊಳಗೆ ಹೋರಾಡುತ್ತದೆ. ಸೋವಿಯತ್ ಸಹಾಯ ಬೇಕಾದರೆ ಇಬ್ಬರೂ ಕೂತು ಒಪ್ಪಬೇಕು. ಗಮನಿಸಿ, ತನ್ನ ಗಡಿಯೊಳಗೆ ಮಾತ್ರ. ದೊಡ್ಡವರ ಜಗಳದಿಂದ ದೂರ ಇರಬೇಕೆಂಬ ಫಿನ್‌ಲ್ಯಾಂಡಿನ ಆಸೆಯನ್ನೂ ಪೀಠಿಕೆಯಲ್ಲಿ ಸೇರಿಸಿದರು. ಹಂಗೇರಿಗೆ ಸಿಗದೇ ಹೋದದ್ದು ಇವರಿಗೆ ಸಿಕ್ಕಿತು. ಬರೀ ಪದಗಳಲ್ವಾ ಅಂತ ನಿಮಗೆ ಅನ್ನಿಸಬಹುದು. ಮುಂದಿನ 40 ವರ್ಷ ಆ ದೇಶ ಉಸಿರಾಡಿದ್ದು ಆ ಪದಗಳ ಸಂದಿಯಲ್ಲೇ. ಪೊರ್ಕಲಾವನ್ನೂ 1956ರ ಜನವರಿಯಲ್ಲಿ ವಾಪಸ್ ಪಡೆದರು, ಗುತ್ತಿಗೆ ಇನ್ನೂ 38 ವರ್ಷ ಇರುವಾಗಲೇ. ಕಿಟಕಿಯ ಮುಚ್ಚಳ ತೆಗೆದರು.

ಅದೇ ವರ್ಷ ಉರ್ಹೊ ಕೆಕ್ಕೊನೆನ್ ಅಧ್ಯಕ್ಷರಾದರು. ಎತ್ತರದ ಮನುಷ್ಯ, ಎತ್ತರ ಜಿಗಿತದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಸುಮಾರು 26 ವರ್ಷ ಅಧಿಕಾರದಲ್ಲಿದ್ದರು. 1960ರ ಸೆಪ್ಟೆಂಬರ್ 3 ಅವರ ಅರವತ್ತನೆಯ ಹುಟ್ಟುಹಬ್ಬ. ಸ್ಟಾಲಿನ್ ನಂತರದ ಸೋವಿಯತ್ ನಾಯಕ ಕ್ರುಶ್ಚೇವ್ ಬಂದ. ರಾತ್ರಿ ಊಟವಾದ ಮೇಲೆ ತಾಮ್ಮಿನಿಯೆಮಿ ಎಂಬ ತಮ್ಮ ನಿವಾಸದ ಸೌನಾಕ್ಕೆ ಕರೆದೊಯ್ದರು. ಸೌನಾ ಅಂದರೆ ಮರದ ಸಣ್ಣ ಕೋಣೆ. ಒಲೆಯ ಮೇಲೆ ಕಾದ ಕಲ್ಲುಗಳು. ಸೌಟಿನಲ್ಲಿ ನೀರು ಚೆಲ್ಲಿದರೆ ಚುಂಯ್ ಅಂತ ಹಬೆ ಏಳುತ್ತದೆ. ಮರದ ಮೆಟ್ಟಿಲಿನಂಥ ಬೆಂಚಿನ ಮೇಲೆ ಬೆವರು ಸುರಿಸುತ್ತ ಕೂರುವುದು. ಅಲ್ಲಿ ಪದಕ ಇಲ್ಲ, ಸಮವಸ್ತ್ರ ಇಲ್ಲ, ಕಾಗದ ಪತ್ರ ಇಲ್ಲ. ಬೆಳಗಿನ ಜಾವ ಐದರವರೆಗೂ ಇಬ್ಬರೂ ಕೂತಿದ್ದರು ಅಂತ ಹೇಳುತ್ತಾರೆ. ಪಶ್ಚಿಮ ಯುರೋಪಿನ ಮುಕ್ತ ವ್ಯಾಪಾರ ಕೂಟದ ಜೊತೆ ಫಿನ್‌ಲ್ಯಾಂಡ್ ಸಂಬಂಧ ಬೆಳೆಸುವುದಕ್ಕೆ ಕ್ರುಶ್ಚೇವ್ ಆ ಭೇಟಿಯಲ್ಲಿ ಒಪ್ಪಿಗೆ ಸೂಚಿಸಿದ. ಮರುವರ್ಷ ಒಪ್ಪಂದವೂ ಆಯಿತು. ಫಿನ್‌ಲ್ಯಾಂಡಿನ ಕಾಗದ, ಮರ ಪಶ್ಚಿಮಕ್ಕೆ ಹೋಗಲು ಅದು ಪ್ರಾಣದಷ್ಟು ಮುಖ್ಯವಾಗಿತ್ತು.

ಇಷ್ಟು ಕೇಳಿದರೆ ಕೆಕ್ಕೊನೆನ್ ದೊಡ್ಡ ಜಾಣ ಅನ್ನಿಸುತ್ತದೆ. ಜಾಣರೇ. ಆದರೆ ನಾನು ಇನ್ನೊಂದು ಮುಖವನ್ನೂ ಹೇಳಲೇಬೇಕು. 1961ರ ಅಕ್ಟೋಬರ್ 30ಕ್ಕೆ ಮಾಸ್ಕೋದಿಂದ ಒಂದು ಟಿಪ್ಪಣಿ ಬಂತು. ಜರ್ಮನಿಯಿಂದ ಅಪಾಯ ಇದೆ, 1948ರ ಒಪ್ಪಂದದ ಪ್ರಕಾರ ಸೇನಾ ಸಮಾಲೋಚನೆ ಮಾಡೋಣ ಅಂತ. ಕೆಕ್ಕೊನೆನ್ ಆಗ ಹವಾಯಿಯಲ್ಲಿದ್ದರು. ಮುಂದಿನ ವರ್ಷ ಅಧ್ಯಕ್ಷರ ಚುನಾವಣೆ. ಅವರ ವಿರುದ್ಧ ಹಲವು ಪಕ್ಷಗಳು ಸೇರಿ ಹೊಂಕ ಎಂಬ ಅಭ್ಯರ್ಥಿಯನ್ನು ನಿಲ್ಲಿಸಿದ್ದವು. ಕೆಕ್ಕೊನೆನ್ ಸೈಬೀರಿಯದ ನೊವೊಸಿಬಿರ್ಸ್ಕ್‌ಗೆ ಹೋಗಿ ಕ್ರುಶ್ಚೇವ್‌ನನ್ನು ಕಂಡರು, ಸಮಾಲೋಚನೆ ಮುಂದೂಡಿಸಿಕೊಂಡು ಬಂದರು. ಅಷ್ಟರಲ್ಲಿ ಹೊಂಕ ಕಣದಿಂದ ಹಿಂದೆ ಸರಿದಿದ್ದರು. ಆ ಟಿಪ್ಪಣಿಯ ಹಿಂದೆ ನಿಜವಾಗಿ ಏನಿತ್ತು ಅಂತ ಇತಿಹಾಸಕಾರರು ಇವತ್ತಿಗೂ ಜಗಳವಾಡುತ್ತಾರೆ. ನನ್ನ ಮನಸ್ಸಿಗೆ ತಟ್ಟುವುದು ಅದರ ಫಲ: ಯಾರು ಅಧ್ಯಕ್ಷರಾಗಬಹುದು ಅನ್ನುವ ಪ್ರಶ್ನೆಯಲ್ಲಿ ನೆರೆಯವನ ಮುಖ ನೋಡುವ ಅಭ್ಯಾಸ ಬಂತು.

1973ರಲ್ಲಿ ಆ ಅಭ್ಯಾಸ ತುದಿ ಮುಟ್ಟಿತು. ಯುರೋಪಿನ ಆರ್ಥಿಕ ಸಮುದಾಯದ ಜೊತೆ ವ್ಯಾಪಾರ ಒಪ್ಪಂದ ಆಗಬೇಕಿತ್ತು. ಮಾಸ್ಕೋಗೆ ಅನುಮಾನ ಬರಬಾರದು, ಹಾಗಾಗಿ ಅವರಿಗೆ ನಂಬಿಕೆ ಇರುವ ಕೆಕ್ಕೊನೆನ್ ಮುಂದುವರಿಯಲಿ ಅಂತ, ಚುನಾವಣೆಯನ್ನೇ ಬಿಟ್ಟು ಪಾರ್ಲಿಮೆಂಟು ವಿಶೇಷ ಕಾನೂನಿನಿಂದ ಅವರ ಅವಧಿಯನ್ನು 4 ವರ್ಷ ಉದ್ದ ಮಾಡಿತು. ಪರವಾಗಿ 170, ವಿರುದ್ಧ 28. ಈ ಸಲ ಹೊರಗಿನಿಂದ ಯಾರೂ ಆಜ್ಞೆ ಮಾಡಿರಲಿಲ್ಲ. ತಾವೇ ಊಹಿಸಿಕೊಂಡು ತಾವೇ ಬಗ್ಗಿದರು. ಪತ್ರಿಕೆಗಳೂ ಹಾಗೇ. ಸೋವಿಯತ್ ಒಕ್ಕೂಟಕ್ಕೆ ಬೇಸರವಾಗುವಂಥದ್ದನ್ನು ಯಾರೂ ಹೇಳದೆಯೇ ಕೈಬಿಡುತ್ತಿದ್ದವು. ಅಲ್ಲಿಂದ ತಪ್ಪಿಸಿಕೊಂಡು ಗಡಿ ದಾಟಿ ಬಂದ ಜನರನ್ನು ಹಿಡಿದು ವಾಪಸ್ ಒಪ್ಪಿಸಿದ್ದೂ ಉಂಟು. ಜರ್ಮನಿಯ ರಾಜಕಾರಣಿಗಳು ಇದಕ್ಕೆ ಫಿನ್‌ಲ್ಯಾಂಡೀಕರಣ ಅಂತ ಹೆಸರಿಟ್ಟರು. ಫಿನ್ನಿಷರಿಗೆ ಆ ಪದ ಕೇಳಿದರೆ ಇವತ್ತಿಗೂ ಆಗುವುದಿಲ್ಲ. ಅವರ ನೋವು ನನಗೆ ಅರ್ಥವಾಗುತ್ತದೆ. ಅಪಾಯದ ಎದುರು ನಿಂತವರು ಅವರು, ಹೆಸರಿಟ್ಟವರು ದೂರದಲ್ಲಿದ್ದವರು. ಆದರೂ ಗಡಿಯಿಂದ ತಳ್ಳಿದ ಆ ಜನರ ಲೆಕ್ಕ ಯಾವ ಜಾಣತನದ ಖಾತೆಯಲ್ಲೂ ಸೇರುವುದಿಲ್ಲ.

ವಿದೇಶದ ವಿಷಯದಲ್ಲೂ ಮೌನವೇ ನೀತಿಯಾಗಿತ್ತು. 1980ರ ಜನವರಿಯಲ್ಲಿ, ಸೋವಿಯತ್ ಸೇನೆ ನುಗ್ಗಿದ್ದ ಅಫ್ಘಾನಿಸ್ತಾನದಿಂದ ವಿದೇಶಿ ಸೇನೆ ಹೊರಡಲಿ ಅಂತ ವಿಶ್ವಸಂಸ್ಥೆಯಲ್ಲಿ ನಿರ್ಣಯ ಬಂದಾಗ 18 ದೇಶಗಳು ಯಾವ ಕಡೆಗೂ ಮತ ಹಾಕಲಿಲ್ಲ. ಅದರಲ್ಲಿ ಫಿನ್‌ಲ್ಯಾಂಡ್ ಇತ್ತು, ನಮ್ಮ ಭಾರತವೂ ಇತ್ತು. ಕಾರಣ ಬೇರೆ ಬೇರೆ. ಆದರೆ ಮೌನದ ಲೆಕ್ಕಾಚಾರ ನಮಗೆ ಪರಿಚಯವಿಲ್ಲದ್ದೇನಲ್ಲ. ಅದೇ ಕಾಲದಲ್ಲೇ ಇನ್ನೊಂದೂ ಆಯಿತು ಅನ್ನುವುದನ್ನು ಮರೆಯಬಾರದು. 1975ರ ಆಗಸ್ಟ್ 1ರಂದು ಹೆಲ್ಸಿಂಕಿಯ ಫಿನ್‌ಲ್ಯಾಂಡಿಯಾ ಹಾಲ್‌ನಲ್ಲಿ 35 ದೇಶಗಳ ನಾಯಕರು ಕೂತು ಸಹಿ ಹಾಕಿದರು. ಗಡಿಗಳನ್ನು ಬಲದಿಂದ ಬದಲಿಸಬಾರದು, ಮನುಷ್ಯರ ಹಕ್ಕುಗಳಿಗೆ ಬೆಲೆ ಕೊಡಬೇಕು ಅಂತ. ಆಗಿನ ಸೋವಿಯತ್ ನಾಯಕ ಬ್ರೆಜ್ನೆವ್ ಕೂಡ ಸಹಿ ಹಾಕಿದ. ಆಮೇಲೆ ಮಾಸ್ಕೋದಲ್ಲಿ, ಪ್ರಾಗ್‌ನಲ್ಲಿ ಸರ್ಕಾರವನ್ನು ಪ್ರಶ್ನಿಸಿದವರು ಆ ಕಾಗದವನ್ನೇ ಎತ್ತಿ ಹಿಡಿದರು. 1899ರ ಹೂವಿನ ಉಪಾಯವೇ ಅಲ್ವಾ ಇದು? ನೀವೇ ಕೊಟ್ಟ ಮಾತು, ಇಲ್ಲಿದೆ ನೋಡಿ.

1991ರಲ್ಲಿ ಸೋವಿಯತ್ ಒಕ್ಕೂಟ ಮುಗಿಯಿತು. ಅದರ ಜೊತೆ ನಡೆಯುತ್ತಿದ್ದ, ಎಣ್ಣೆ ಪಡೆದು ಹಡಗು ಬಟ್ಟೆ ಬೂಟು ಕೊಡುವ ವ್ಯಾಪಾರವೂ ಬಿದ್ದುಹೋಯಿತು. ದೇಶದೊಳಗಿನ ಬ್ಯಾಂಕುಗಳೂ ಅದೇ ಹೊತ್ತಿಗೆ ಕುಸಿದವು. ಕೆಲವೇ ವರ್ಷದಲ್ಲಿ ನಿರುದ್ಯೋಗ ನೂರಕ್ಕೆ 3ರಿಂದ 16 ದಾಟಿತು. ಆದರೂ ತಡಮಾಡದೆ 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದರು. ನ್ಯಾಟೋ ಮಾತ್ರ ಬೇಡ ಅಂದರು. ಬೇಕಾದರೆ ಸೇರುವ ಹಕ್ಕು ನಮ್ಮದು, ಈಗ ಸೇರಲ್ಲ, ಅಷ್ಟೇ. ಗಂಡುಮಕ್ಕಳಿಗೆ ಕಡ್ಡಾಯ ಸೇನಾ ತರಬೇತಿ ನಿಲ್ಲಿಸಲಿಲ್ಲ. ನೆಲದಡಿಯ ಆಶ್ರಯ ತಾಣ ಕಟ್ಟುವುದನ್ನೂ ನಿಲ್ಲಿಸಲಿಲ್ಲ. ಹೆಲ್ಸಿಂಕಿಯ ಇತಾಕೆಸ್ಕುಸ್‌ನಲ್ಲಿ ಬಂಡೆ ಕೊರೆದು ಮಾಡಿದ ಒಂದು ಈಜುಕೊಳ ಇದೆ. ದಿನಾ ಮಕ್ಕಳು ಈಜುತ್ತಾರೆ. ಯುದ್ಧ ಬಂದರೆ ಅಲ್ಲಿ 3,800 ಜನ ಇರಬಹುದು.

2021ರ ಡಿಸೆಂಬರಿನಲ್ಲಿ, ನ್ಯಾಟೋ ಇನ್ನು ಯಾರನ್ನೂ ಸೇರಿಸಿಕೊಳ್ಳಬಾರದು ಅಂತ ಮಾಸ್ಕೋ ಬೇಡಿಕೆ ಇಟ್ಟಿತು. ಹೊಡೆತ ಬಿದ್ದದ್ದು ಸರಿಯಾಗಿ ಆ ಹಕ್ಕಿನ ಮೇಲೆ. ಹೊಸ ವರ್ಷದ ಭಾಷಣದಲ್ಲಿ ಅಧ್ಯಕ್ಷ ಸೌಲಿ ನೀನಿಸ್ತೊ, ಆಯ್ಕೆ ನಮ್ಮದೇ ಅಂತ ಮತ್ತೆ ಹೇಳಿದರು. ಫೆಬ್ರವರಿ 24ಕ್ಕೆ ಉಕ್ರೇನಿನ ಮೇಲೆ ದಾಳಿಯಾಯಿತು. ಅದುವರೆಗೆ ನ್ಯಾಟೋ ಬೇಕು ಅನ್ನುತ್ತಿದ್ದವರು ನಾಲ್ವರಲ್ಲಿ ಒಬ್ಬರು. ಮೇ ಹೊತ್ತಿಗೆ ನಾಲ್ವರಲ್ಲಿ ಮೂವರಾದರು. ಪಾರ್ಲಿಮೆಂಟಿನಲ್ಲಿ 188 ಮತ ಪರ, 8 ವಿರುದ್ಧ.

ಆ ಮತದಾನಕ್ಕೆ ಮೂರು ದಿನ ಮೊದಲು, ಮೇ 14ಕ್ಕೆ, ನೀನಿಸ್ತೊ ತಾವೇ ಪುಟಿನ್‌ಗೆ ಫೋನ್ ಮಾಡಿದರು. ನಾವು ಅರ್ಜಿ ಹಾಕುತ್ತಿದ್ದೇವೆ ಅಂತ ನೇರವಾಗಿ ತಿಳಿಸಿದರು. ಪುಟಿನ್, ಇದು ತಪ್ಪು ಅಂದರು. ಬೈಗುಳ ಇಲ್ಲ, ಬೆದರಿಕೆ ಇಲ್ಲ, ಮಾತು ಮುಗಿಯಿತು. ಬೇರೆಯವರ ಬಾಯಿಂದ ಗೊತ್ತಾಗುವುದಕ್ಕಿಂತ ನಾವೇ ಹೇಳುವುದು ಒಳ್ಳೆಯದು ಅನ್ನುವ ಆ ನಡೆ ನನಗೆ ತುಂಬಾ ಹಿಡಿಸಿತು. ಅದರೊಳಗೆ ಪಾಸಿಕಿವಿ ಇದ್ದಾರೆ. 2023ರ ಏಪ್ರಿಲ್ 4ರಂದು ಫಿನ್‌ಲ್ಯಾಂಡ್ ನ್ಯಾಟೋದ 31ನೇ ಸದಸ್ಯ ದೇಶವಾಯಿತು. ಸ್ಟಾಲಿನ್ ಜೊತೆಗಿನ ಒಪ್ಪಂದಕ್ಕೆ ಸಹಿ ಬಿದ್ದು 75 ವರ್ಷ ತುಂಬಲು ಆಗ ಇನ್ನೆರಡೇ ದಿನ ಬಾಕಿ.

ಸಭೆಯಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ, ಈಗ ಗಡಿ ಹೇಗಿದೆ ಅಂತ. ಜನರಿಗೆ ಮುಚ್ಚಿದೆ. ಗಡಿಗೆ ದಾಖಲೆ ಇಲ್ಲದ ವಲಸಿಗರನ್ನು ರಷ್ಯಾ ಬೇಕೆಂದೇ ಕಳಿಸುತ್ತಿದೆ ಅಂತ ಹೇಳಿ 2023ರ ಕೊನೆಗೆ ರಸ್ತೆಯ ದಾರಿಗಳನ್ನೆಲ್ಲ ಫಿನ್‌ಲ್ಯಾಂಡ್ ಮುಚ್ಚಿತು. ಹೆಲ್ಸಿಂಕಿಯಿಂದ ವೀಪುರಿ ಮೇಲೆ ಹಾದು ಸೇಂಟ್ ಪೀಟರ್ಸ್‌ಬರ್ಗಿಗೆ ಮೂರೂವರೆ ಗಂಟೆಯಲ್ಲಿ ಹೋಗುತ್ತಿದ್ದ ಅಲ್ಲೆಗ್ರೊ ರೈಲು 2022ರ ಮಾರ್ಚ್ 27ಕ್ಕೆ ಕೊನೆಯ ಸಲ ಓಡಿತು.

ಹಳಿ ಇನ್ನೂ ಇದೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದದ್ದನ್ನು ಕಂಡ ನಮಗೆ ಇದು ಬೇಗ ಅರ್ಥವಾಗುತ್ತದೆ. ಫಿನ್‌ಲ್ಯಾಂಡಿಗೆ ರೈಲು ಬಂದದ್ದು ಚಕ್ರವರ್ತಿಗಳ ಕಾಲದಲ್ಲಿ, ಹಾಗಾಗಿ ಹಳಿಯ ಅಗಲ ರಷ್ಯಾದ ಅಳತೆಯದು, 1,524 ಮಿಲಿಮೀಟರ್. ಪಕ್ಕದ ಸ್ವೀಡನ್ನಿನದು 1,435. ಪಶ್ಚಿಮದ ಗಡಿಯಲ್ಲಿ ಸ್ವೀಡನ್ನಿನ ಗಾಡಿ ಹಾಗೇ ಮುಂದಕ್ಕೆ ಬರೋಕಾಗಲ್ಲ. ಈಗ ಉತ್ತರದಿಂದ ಶುರುಮಾಡಿ ಹಳಿಯ ಅಗಲವನ್ನೇ ಬದಲಿಸುವ ಮಾತು ಅಲ್ಲಿ ನಡೆದಿದೆ. ಅದಕ್ಕೆ ಬಹಳ ವರ್ಷ, ಬಹಳ ಹಣ ಬೇಕು. ಅಲ್ಲಿಯವರೆಗೂ ಹೆಲ್ಸಿಂಕಿ ನಿಲ್ದಾಣದಿಂದ ಹೊರಡುವ ಪ್ರತಿ ಗಾಡಿಯೂ ಪೂರ್ವದ ಅಳತೆಯ ಹಳಿಯ ಮೇಲೇ ಓಡುತ್ತದೆ, ಕಿಟಕಿ ತೆರೆದುಕೊಂಡು.